ಚಲಿಸುವುದರ ಚಿತ್ರ

ನಮ್ಮ ಕಡೆಯ ಹಳೆಯ ಮನೆಗಳ ಜಗಲಿಯಲ್ಲಿ ಕುಳಿತು ಅಭ್ಯಾಸವುಳ್ಳವರಿಗೆ ಗೋಡೆಯ ಮೇಲಣ ಹಿರಿಯರ ಪಟಗಳ ಪರಿಚಯವು ಇದ್ದೇ ಇರುವುದು. ಅಜ್ಜಂದಿರು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಎರಡು ಕೈಗಳನ್ನೂ ಮೊಣಕಾಲುಗಳ ಮೇಲಿಟ್ಟು, ಎವೆಯಿಕ್ಕದೆ ಎದುರು ನೋಡುತ್ತಿರುವರು. ಅಜ್ಜಿಯಂದಿರು ಪಕ್ಕದಲ್ಲಿ ಕಂಬದಂತೆ ನಿಂತಿರುವರು. ಬದುಕಿದ್ದ ಕಾಲದಲ್ಲಿ ಇವರು ಅರೆಗಳಿಗೆಯೂ ಸುಮ್ಮನೆ ಕುಳಿತವರಲ್ಲ. ಬೆಳಗಿನ ಜಾವದಿಂದ ದೀಪ ಹಚ್ಚುವ ವರೆಗೆ ತೋಟ, ಗದ್ದೆ, ಕೊಟ್ಟಿಗೆಗಳಲ್ಲಿ ದುಡಿದವರು. ಆದರೆ ಮೊಮ್ಮಕ್ಕಳ ಪಾಲಿಗೆ ಉಳಿದಿರುವುದು ಈ ಕಲ್ಲಿನಂತಹ ಕುಳಿತ ಭಂಗಿಯೊಂದೇ. ಅಜ್ಜನು ನಗುತ್ತಿದ್ದನೆ, ಹೇಗೆ ನಡೆಯುತ್ತಿದ್ದನು, ಹಾರೆ ಹಿಡಿದಾಗ ಅವನ ಬೆನ್ನು ಹೇಗೆ ಬಾಗುತ್ತಿದ್ದಿತು ಎಂದು ಕೇಳಿದರೆ ಪಟವು ಉತ್ತರ ಕೊಡಲಾರದು.

ಇದು ಆ ಅಜ್ಜಂದಿರ ದೋಷವಲ್ಲ. ಆಗಿನ ಯಂತ್ರದ ದೋಷ. ಛಾಯಾಗ್ರಹಣವು ಹುಟ್ಟಿದ ಕಾಲದಲ್ಲಿ ಬೆಳಕಿನ ಗುರುತು ಫಲಕದ ಮೇಲೆ ಮೂಡಬೇಕಾದರೆ ನಿಮಿಷಗಳೇ ಬೇಕಾಗುತ್ತಿದ್ದುವು. ೧೮೩೮ರಲ್ಲಿ ಡಾಗೇರ್ ಎಂಬ ಫ್ರೆಂಚ್ ಗೃಹಸ್ಥನು ಪ್ಯಾರಿಸಿನ ಒಂದು ದೊಡ್ಡ ಬೀದಿಯ ಚಿತ್ರವನ್ನು ತನ್ನ ಕಿಟಕಿಯಿಂದ ತೆಗೆದನು. ಗಾಡಿಗಳೂ ಜನರೂ ಸಂಚರಿಸುತ್ತಿದ್ದ ಹಗಲಿನ ಬೀದಿಯದು. ಚಿತ್ರದಲ್ಲಾದರೋ ಬೀದಿಯು ಬರಿದು. ಚಲಿಸಿದವರೆಲ್ಲರೂ ಮಾಯವಾಗಿದ್ದರು. ಬೂಟು ಉಜ್ಜಿಸಿಕೊಳ್ಳುವುದಕ್ಕಾಗಿ ಒಂದೆಡೆ ಕಾಲೂರಿ ನಿಂತಿದ್ದ ಒಬ್ಬ ಮನುಷ್ಯನ ಆಕೃತಿಯು ಮಾತ್ರ ಮೂಲೆಯಲ್ಲಿ ಉಳಿದಿದ್ದಿತು. ಛಾಯಾಚಿತ್ರದಲ್ಲಿ ಕಾಣಿಸಿದ ಮೊದಲ ಮನುಷ್ಯನೇ ಅವನೆಂದು ಹೇಳುವರು. ಅವನು ಯಾರೋ ಯಾರೂ ಅರಿಯರು. ನಿಂತದ್ದರಿಂದ ಉಳಿದನು, ಅಷ್ಟೆ.

ಈ ವಿಷಯವನ್ನು ನಾವು ಪುಸ್ತಕದಲ್ಲಿ ಓದಿ ತಿಳಿದದ್ದು ಬಹಳ ಹಿಂದೆಯೇ ಆದರೂ ಅದರ ಅರ್ಥವು ಮನಸ್ಸಿಗೆ ನಾಟಿದ್ದು ಈಚೆಗೆ, ನಮ್ಮ ಅಡಕೆ ತೋಟದಲ್ಲಿ.

ನಮ್ಮ ಊರು ಅಜ್ಜಾವರ, ಸುಳ್ಯ ತಾಲೂಕಿಗೆ ಸೇರಿದುದು. ಮಹಿಷಮರ್ದಿನಿ ದೇವಸ್ಥಾನವುಳ್ಳ ಊರೆಂದು ಸುತ್ತಲಿನವರು ಬಲ್ಲರು. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ತೋಟ, ತೋಟದ ಮೇಲ್ಗಡೆ ಮನೆ, ಮನೆಯ ಮುಂದೆ ಅಡಕೆ ಒಣಗಿಸುವ ಅಂಗಳ; ಇಲ್ಲಿಯ ಬಹುಮಂದಿ ಕೃಷಿಕರ ಹಿಡುವಳಿಯ ಲಕ್ಷಣವೇ ಇದು. ನಮ್ಮ ಮರಗಳನ್ನು ನಲವತ್ತು ವರ್ಷಗಳಿಂದ ಹತ್ತಿ ಗೊನೆ ಕೊಯ್ಯುತ್ತಿದ್ದವರು ಒಬ್ಬರೇ. ಅವರ ಹೆಸರನ್ನು ಇಲ್ಲಿ ಹೇಳುವುದು ಅವರಿಗೆ ಸಮ್ಮತವಲ್ಲ. ಅವರು ಕಾಲಿಗೆ ಹಗ್ಗದ ತಳೆಯನ್ನು ಹಾಕಿಕೊಂಡು ಒಂದು ಮರವನ್ನು ಹತ್ತಿದರೆಂದರೆ ಮತ್ತೆ ನೆಲಕ್ಕೆ ಇಳಿಯುತ್ತಿದ್ದುದು ಹತ್ತಿಪ್ಪತ್ತು ಮರಗಳ ಆಚೆ. ತುದಿಯಲ್ಲಿ ಕುಳಿತು ಮರವನ್ನು ತೂಗಿ, ಅದು ಬಾಗಿದಾಗ ಪಕ್ಕದ ಮರವನ್ನು ಹಿಡಿದು, ಅದಕ್ಕೆ ದಾಟುವುದು. ನೆಲದಿಂದ ನಲವತ್ತು ಅಡಿ ಎತ್ತರದಲ್ಲಿ ನಡೆಯುವ ಈ ದಾಟುವಿಕೆಯನ್ನು ಹೊರಗಿನವರು ನೋಡಿದರೆ ಉಸಿರು ಹಿಡಿಯುವರು. ನಾವು ಹುಟ್ಟಿನಿಂದ ನೋಡಿದವರಾದುದರಿಂದ ನೋಡುವುದನ್ನೇ ಬಿಟ್ಟಿದ್ದೆವು.

ಕಳೆದ ಕಾರ್ತಿಕದಲ್ಲಿ ಮೊದಲ ಕೊಯ್ಲಿಗೆ ಮುಂಚೆ ಅವರು ಬಂದು, “ಅಣ್ಣ, ಈ ವರ್ಷವೊಂದು. ಮೊಣಗಂಟು ಕೇಳುವುದಿಲ್ಲ ಮಾರಾಯ್ರೆ. ಬರುವ ವರ್ಷ ದೋಟಿಯವರನ್ನು ಹೇಳಿಡಿ” ಎಂದರು. ಕಾರ್ಬನ್ ಫೈಬರಿನ ಉದ್ದನೆಯ ದೋಟಿಯನ್ನು ಹಿಡಿದು ನೆಲದಲ್ಲೇ ನಿಂತು ಗೊನೆ ಕೊಯ್ಯುವ ಕ್ರಮವು ಈಚಿನ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಹಬ್ಬಿರುವುದು. ಜೀವಕ್ಕೆ ಅಪಾಯವಿಲ್ಲದ ಕ್ರಮವಾದುದರಿಂದ ಅದನ್ನು ದೂರುವಂತಿಲ್ಲ. ಎರಡು ದಿವಸಗಳ ತರುವಾಯ ಅವರ ಮಗಳು ನಮ್ಮಲ್ಲಿಗೆ ಬಂದು, ಹಿಂಜರಿಯುತ್ತ ಒಂದು ಮಾತು ಕೇಳಿದಳು. ಅಪ್ಪನ ಪಟವೆಂದು ಅವರ ಮನೆಯಲ್ಲಿ ಇರುವುದು ಗುರುತಿನ ಚೀಟಿಯಲ್ಲಿರುವುದೂ, ಅವಳ ಮದುವೆಯಲ್ಲಿ ಎಲ್ಲರೊಡನೆ ಸಾಲಾಗಿ ನಿಂತುದೂ ಎರಡೇ. ಮರದ ಮೇಲಿರುವ ಪಟವೊಂದು ಬೇಕು. “ಮಾವ, ನಿಮ್ಮಲ್ಲಿ ಕ್ಯಾಮರಾ ಉಂಟಲ್ಲ” ಎಂದಳು.

ಕ್ಯಾಮರಾ ಇದ್ದುದು ನಿಜ. ಬೆಂಗಳೂರಿನಲ್ಲಿರುವ ನಮ್ಮ ತಮ್ಮನ ಮಗನು ಹೊಸತೊಂದನ್ನು ಕೊಂಡಾಗ ಹಳೆಯದನ್ನು ನಮ್ಮ ಕೈಗೆ ಹಾಕಿ ಹೋಗಿದ್ದನು. ಅದರ ತಲೆಯ ಮೇಲಿನ ಚಕ್ರವನ್ನು ಹಸಿರು ಗುರುತಿಗೆ ತಿರುಗಿಸಿಟ್ಟರೆ ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುವುದೆಂಬಷ್ಟೇ ನಮ್ಮ ವಿದ್ಯೆ. ಒಪ್ಪಿಕೊಂಡೆವು. ಕೊಯ್ಲು ವರ್ಷಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಅಷ್ಟೇ ಅವಕಾಶ.

ಮೊದಲ ಕೊಯ್ಲಿನ ದಿವಸ ಮರದ ಬುಡದಲ್ಲಿ ನಿಂತು ಮೇಲ್ಮೊಗವಾಗಿ ಎಂಬತ್ತು ಚಿತ್ರಗಳನ್ನು ತೆಗೆದೆವು. ಮನೆಗೆ ಬಂದು ನೋಡಿದರೆ ಎಂಬತ್ತರಲ್ಲಿಯೂ ಬಿಳಿಯ ಆಕಾಶ, ಕರಿಯ ಸೋಗೆ, ಸೋಗೆಗಳ ನಡುವೆ ಮಸಿಯ ಮುದ್ದೆಯಂತಹ ಒಂದು ಆಕೃತಿ. ಅದು ಮನುಷ್ಯನೋ ಮಂಗನೋ ಎಂದು ನಿರ್ಣಯಿಸುವಂತಿರಲಿಲ್ಲ. ನಮ್ಮ ಮನೆಯವರು ಒಂದೊಂದನ್ನೂ ನೋಡಿ, “ನೀವು ಈ ದಿವಸ ಹೆಕ್ಕಿದ ಅಡಕೆಗಿಂತ ತೆಗೆದ ಪಟವೇ ಹೆಚ್ಚು” ಎಂದು ಮಾತ್ರ ಹೇಳಿ ಒಳಗೆ ಹೋದರು.

ಇಲ್ಲಿಂದ ಮೊದಲಾಯಿತು ನಮ್ಮ ಕಲಿಕೆ. ಯಂತ್ರವು ತಾನಾಗಿ ಬೆಳಕನ್ನು ಅಳೆಯುವಾಗ, ಕಂಡುದೆಲ್ಲವೂ ಸರಾಸರಿಯಲ್ಲಿ ಬೂದುಬಣ್ಣದ್ದೆಂದು ಭಾವಿಸಿಕೊಳ್ಳುವುದು. ಆಕಾಶದ ಬಿಳುಪು ಹೆಚ್ಚಾಗಿ ಕಂಡರೆ, ಬೆಳಕು ಅತಿಯಾಯಿತೆಂದು ತಿಳಿದು ಒಟ್ಟು ಚಿತ್ರವನ್ನೇ ಕತ್ತಲೆಗೊಳಿಸುವುದು. ಮುಖ ಯಾವುದು, ಆಕಾಶ ಯಾವುದು, ತಮಗೆ ಬೇಕಾದುದು ಯಾವುದು ಎಂಬ ವಿವೇಕವು ಅದಕ್ಕಿಲ್ಲ. (ಈಗಿನ ಹೊಸ ಯಂತ್ರಗಳು ಮುಖವನ್ನು ಗುರುತಿಸಬಲ್ಲವು, ನಮ್ಮದು ಅಷ್ಟು ಬುದ್ಧಿವಂತವಾದುದಲ್ಲ.) ಆದುದರಿಂದ ಚಕ್ರವನ್ನು ಎಮ್ ಎಂಬ ಅಕ್ಷರಕ್ಕೆ ತಿರುಗಿಸಿ, ಲೆಕ್ಕವನ್ನು ನಾವೇ ಮಾಡುವುದೊಂದೇ ದಾರಿ.

ಲೆಕ್ಕಕ್ಕೆ ಒಳಪಟ್ಟವು ಮೂರು. ತೋಟಕ್ಕೆ ನೀರು ಬಿಡುವವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಪೈಪಿನ ಬಾಯಿ ಎಷ್ಟು ಅಗಲ, ಎಷ್ಟು ಹೊತ್ತು ತೆರೆದಿಡುವುದು, ಮಣ್ಣು ಎಷ್ಟು ಬೇಗ ನೆನೆಯುವುದು ಎಂಬಂತೆಯೇ ಇಲ್ಲಿಯೂ. ಮಸೂರದ ಒಳಗಿನ ಕಿಂಡಿಯು ಪೈಪಿನ ಬಾಯಿ. ಅದರ ಅಂಕೆಗಳು ೨.೮, ೪, ೫.೬, ೮, ೧೧, ೧೬ ಎಂದು ನಡೆಯುವುವು. ಅಂಕೆ ದೊಡ್ಡದಾದಂತೆ ಕಿಂಡಿ ಕಿರಿದಾಗುವುದೆಂಬುದು ಮೊದಲು ಯಾರನ್ನೂ ಗಲಿಬಿಲಿಗೊಳಿಸತಕ್ಕುದೇ. ಒಂದೊಂದು ಮೆಟ್ಟಿಲಿಗೆ ಬೆಳಕು ಅರ್ಧವಾಗುವುದು. ಷಟರ್ ಎಂಬುದು ತೆರೆದಿಡುವ ಹೊತ್ತು. ೧/೩೦, ೧/೬೦, ೧/೧೨೫, ೧/೨೫೦, ೧/೫೦೦, ೧/೧೦೦೦ ಸೆಕೆಂಡು ಎಂದು ಅದೂ ಅರ್ಧರ್ಧವಾಗಿ ಇಳಿಯುವುದು. ಐ.ಎಸ್.ಒ. ಎಂಬ ಅಂಕೆಯು ಮಣ್ಣಿನ ಗುಣ. ೧೦೦, ೨೦೦, ೪೦೦, ೮೦೦ ಎಂದು ಏರಿದಂತೆ ಸ್ವಲ್ಪ ಬೆಳಕಿಗೂ ಚಿತ್ರ ಮೂಡುವುದು. ಆದರೆ ಹೆಚ್ಚಿಸಿದಷ್ಟೂ ಚಿತ್ರದಲ್ಲಿ ರವೆಯಂತಹ ಕಾಳುಗಳು ಏಳುವುವು. ಫಿಲ್ಮಿನ ಕಾಲದಲ್ಲಿ ಇದು ಡಬ್ಬಿಯ ಮೇಲೆ ಅಚ್ಚಾಗಿರುತ್ತಿದ್ದು, ಸುರುಳಿ ಮುಗಿಯುವ ವರೆಗೆ ಬದಲಿಸುವಂತಿರಲಿಲ್ಲ. ಈಗ ಚಿತ್ರ ಚಿತ್ರಕ್ಕೂ ಬದಲಿಸಬಹುದು.

ಒಂದರಲ್ಲಿ ಒಂದು ಮೆಟ್ಟಿಲು ಕಳೆದರೆ ಮತ್ತೊಂದರಲ್ಲಿ ಒಂದು ಮೆಟ್ಟಿಲು ಕೂಡಿಸತಕ್ಕುದು. ವಿದ್ಯೆಯೆಲ್ಲ ಇಷ್ಟೇ. ಹಳಬರು ಯಾವ ಅಳತೆಯ ಉಪಕರಣವೂ ಇಲ್ಲದೆ ಉಪಯೋಗಿಸುತ್ತಿದ್ದ ಸೂತ್ರವೊಂದಿದೆ: ನಿಚ್ಚಳವಾದ ಬಿಸಿಲಿನಲ್ಲಿ ಕಿಂಡಿಯನ್ನು ೧೬ಕ್ಕೆ ಇಟ್ಟರೆ, ಐ.ಎಸ್.ಒ. ಅಂಕೆ ಎಷ್ಟೋ ಷಟರಿನ ಪಾಲೂ ಸುಮಾರಾಗಿ ಅಷ್ಟೇ. ಎಂದರೆ ೧೦೦ಕ್ಕೆ ೧/೧೦೦ರ ಆಸುಪಾಸು, ನಮ್ಮ ಚಕ್ರದಲ್ಲಿ ೧/೧೨೫. ನಮ್ಮ ಅಡಕೆಯ ಅಂಗಳದಲ್ಲಿ ಇದನ್ನು ಪರೀಕ್ಷಿಸಿ ನೋಡಿದೆವು, ಸರಿಯಾಗಿ ಬಂದಿತು. ಕಿಂಡಿಯನ್ನು ೪ಕ್ಕೆ ತೆರೆದರೆ ಹದಿನಾರು ಪಟ್ಟು ಬೆಳಕು. ಅಲ್ಲಿಗೆ ಷಟರು ೧/೨೦೦೦. ಅಂಗಳದಲ್ಲಿ ಹಾರುವ ಕಾಗೆಯನ್ನೂ ನಿಲ್ಲಿಸಬಹುದು. ತೋಟದೊಳಗೆ ಹೊಕ್ಕು ಅಳೆದಾಗಲಾದರೋ, ಐ.ಎಸ್.ಒ. ೪೦೦, ಕಿಂಡಿ ೪ ಇಟ್ಟರೂ ಷಟರಿಗೆ ಸಿಕ್ಕಿದುದು ೧/೬೦ ಮಾತ್ರ. ಅಂಗಳದ ಬೆಳಕಿನ ನೂರರಲ್ಲಿ ಒಂದು ಪಾಲೂ ಮರಗಳ ಬುಡದಲ್ಲಿ ಇರಲಿಲ್ಲ. ನಮ್ಮ ಕಣ್ಣು ಹೊಂದಿಕೊಂಡು ಬಿಡುವುದರಿಂದ ಇಷ್ಟು ವ್ಯತ್ಯಾಸವಿದೆಯೆಂದು ನಾವು ಅರಿತೇ ಇರಲಿಲ್ಲ.

ಹಾಗಾದರೆ ಚಲಿಸುವುದನ್ನು ನಿಲ್ಲಿಸಲು ಎಷ್ಟು ವೇಗದ ಷಟರು ಬೇಕು? ಇದನ್ನು ಊಹೆಗೆ ಬಿಡದೆ ಲೆಕ್ಕದಿಂದ ನೋಡುವುದು ಲೇಸು. ೨೦೨೦ರ ಫೆಬ್ರವರಿ ೧ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ ೧೪೨.೫ ಮೀಟರುಗಳನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದ ವರ್ತಮಾನವನ್ನು ವಾಚಕರು ಕೇಳಿರುವರು. ಸೆಕೆಂಡಿಗೆ ಹತ್ತೂವರೆ ಮೀಟರಾಯಿತು. ೧/೧೨೫ರ ಷಟರು ತೆರೆದಿರುವಷ್ಟರಲ್ಲಿ ಅವರು ಎಂಟು ಸೆಂಟಿಮೀಟರಿಗಿಂತ ಹೆಚ್ಚು, ಎಂದರೆ ಅಂಗೈಯಗಲ, ಮುಂದೆ ಹೋಗಿರುವರು. ಚಿತ್ರದಲ್ಲಿ ಮುಖವು ಅಂಗೈಯಗಲ ಸವರಿಹೋಗುವುದು. ೧/೧೦೦೦ಕ್ಕೆ ಇಟ್ಟರೆ ಹೋಗುವುದು ಒಂದೇ ಸೆಂಟಿಮೀಟರು. ದೂರದಿಂದ ತೆಗೆದರೆ ಅದು ಕಣ್ಣಿಗೆ ಕಾಣಿಸದು. ಇನ್ನೊಂದು ಅನುಕೂಲವುಂಟು. ಓಟವು ಅಡ್ಡವಾಗಿ ನಡೆಯುವಾಗ ಬೇಕಾಗುವ ವೇಗವು ನಮ್ಮತ್ತಲೇ ಬರುವಾಗ ಬೇಕಾಗದು, ಏಕೆಂದರೆ ಎದುರಿಗೆ ಬರುವವನು ಚಿತ್ರದಲ್ಲಿ ಸ್ಥಳ ಬದಲಿಸುವುದಕ್ಕಿಂತ ಹೆಚ್ಚಾಗಿ ದೊಡ್ಡದಾಗುತ್ತ ಬರುವನು. ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಎದುರಿನ ಗದ್ದೆಯ ಕಂಬಳದಲ್ಲಿ ಅನುಭವಸ್ಥ ಛಾಯಾಗ್ರಾಹಕರು ಕರೆಯ ಕೊನೆಯಲ್ಲಿ ಎದುರುಮುಖವಾಗಿ ನಿಲ್ಲುವುದನ್ನು ನೋಡಿ, ಒಳ್ಳೆಯ ಜಾಗಕ್ಕಾಗಿ ಜಗಳವೆಂದು ನಾವು ಹಿಂದೆ ಭಾವಿಸಿದ್ದೆವು.

ಷಟರಿನ ವೇಗವನ್ನು ಹೆಚ್ಚಿಸಲಾಗದ ಕಡೆ ಮಾಡುವ ಉಪಾಯ ಬೇರೆ. ಚಲಿಸುವವನೊಡನೆ ಕ್ಯಾಮರಾವನ್ನೂ ತಿರುಗಿಸುತ್ತ ಹೋಗುವುದು. ನಮ್ಮ ಕಿರಿಯ ಮಗಳನ್ನು ಮಂಡೆಕೋಲಿಗೆ ಹೋಗುವ ರಸ್ತೆಯಲ್ಲಿ ಸೈಕಲ್ ಬಿಡಿಸಿ ಇದನ್ನು ಅಭ್ಯಾಸ ಮಾಡಿದೆವು. ಷಟರನ್ನು ೧/೩೦ಕ್ಕೆ ಇಟ್ಟು, ಪಾದಗಳನ್ನು ಊರಿ, ಸೊಂಟದಿಂದ ಮೇಲೆ ಮಾತ್ರ ತಿರುಗುತ್ತ, ಅವಳ ಮುಖವನ್ನು ಚೌಕಟ್ಟಿನ ನಡುವೆಯೇ ಹಿಡಿದುಕೊಂಡು, ತಿರುಗುವುದನ್ನು ನಿಲ್ಲಿಸದೆಯೇ ಗುಂಡಿ ಒತ್ತತಕ್ಕುದು. ಗುಂಡಿ ಒತ್ತಿದೊಡನೆ ಕೈಯನ್ನು ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ನಾವು ಮೂವತ್ತು ಸಲ ಮಾಡಿದೆವು. ಸರಿಯಾಗಿ ಬಂದ ಒಂದರಲ್ಲಿ ಹುಡುಗಿಯ ಮುಖವು ಸ್ಪಷ್ಟವಾಗಿದ್ದು, ಹಿಂದಿನ ರಬ್ಬರು ಮರಗಳೆಲ್ಲವೂ ಕುಂಚದಿಂದ ಎಳೆದ ಗೆರೆಗಳಾಗಿದ್ದುವು. ಡಾಗೇರನ ಬೀದಿಯಲ್ಲಿ ನಿಂತವನು ಉಳಿದು ಓಡಿದವರು ಅಳಿಸಿಹೋಗಿದ್ದರು. ಇಲ್ಲಿ ಓಡಿದವಳು ಉಳಿದು ನಿಂತ ಮರಗಳು ಅಳಿಸಿಹೋದುವು. ಮಗಳು ಮಾತ್ರ ಮೂವತ್ತೊಂದನೆಯ ಸಲ ಸೈಕಲನ್ನು ಮನೆಯ ಕಡೆಗೇ ತಿರುಗಿಸಿದಳು.

ನಿಂತದ್ದನ್ನು ಕಣ್ಣು ನೋಡಬಲ್ಲದು, ಓಡುವುದನ್ನು ಎಷ್ಟು ನೋಡಬಲ್ಲದು ಎಂಬ ಪ್ರಶ್ನೆಯು ಹಿಂದೆ ದೊಡ್ಡ ವಿವಾದವಾಗಿದ್ದಿತು. ದೌಡಾಯಿಸುವ ಕುದುರೆಯ ನಾಲ್ಕು ಕಾಲುಗಳೂ ಯಾವಾಗಲಾದರೂ ಒಮ್ಮೆಗೇ ನೆಲ ಬಿಡುವುವೋ ಇಲ್ಲವೋ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೀಲಂಡ್ ಸ್ಟ್ಯಾನ್‌ಫರ್ಡ್ ಎಂಬ ಸಿರಿವಂತನು ಇದನ್ನು ತೀರ್ಮಾನಿಸಲು ಮೈಬ್ರಿಜ್ ಎಂಬ ಛಾಯಾಗ್ರಾಹಕನನ್ನು ನಿಯಮಿಸಿದನು. ಅವನು ೧೮೭೮ರ ಜೂನ್ ತಿಂಗಳಿನಲ್ಲಿ ಓಟದ ಹಾದಿಯ ಪಕ್ಕದಲ್ಲಿ ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿ ಇಟ್ಟು, ಹಾದಿಗೆ ಅಡ್ಡಲಾಗಿ ಎಳೆಗಳನ್ನು ಕಟ್ಟಿದನು. ಕುದುರೆಯು ಓಡುತ್ತ ಒಂದೊಂದು ಎಳೆಯನ್ನು ಮುಟ್ಟಿದಾಗಲೂ ಒಂದೊಂದು ಷಟರು ಬಿದ್ದಿತು. ನಾಲ್ಕು ಕಾಲುಗಳೂ ನೆಲ ಬಿಡುವುದು ನಿಜವೆಂದು ಸಿದ್ಧವಾಯಿತು. ಆದರೆ ಚಿತ್ರಗಾರರು ತಲೆತಲಾಂತರದಿಂದ ಬರೆಯುತ್ತಿದ್ದಂತೆ ಮುಂಗಾಲು ಹಿಂಗಾಲುಗಳನ್ನು ಚಾಚಿದಾಗ ಅಲ್ಲ, ಎಲ್ಲವೂ ಹೊಟ್ಟೆಯ ಅಡಿಯಲ್ಲಿ ಮುದುಡಿದಾಗ. ಸಾವಿರಾರು ವರ್ಷ ಕುದುರೆಯೊಡನೆ ಬಾಳಿದ ಮನುಷ್ಯನು ಅದು ಓಡುವ ಬಗೆಯನ್ನು ಕಂಡಿರಲಿಲ್ಲವೆಂದಾಯಿತು. ನಾಲ್ಕು ವರ್ಷಗಳ ಮೇಲೆ, ೧೮೮೨ರಲ್ಲಿ, ಫ್ರಾನ್ಸಿನ ಮಾರೆ ಎಂಬ ಶರೀರಶಾಸ್ತ್ರಜ್ಞನು ಕೋವಿಯ ಆಕಾರದ ಕ್ಯಾಮರಾವೊಂದನ್ನು ಮಾಡಿ, ಹಾರುವ ಹಕ್ಕಿಗಳತ್ತ ಗುರಿಯಿಟ್ಟು ಸೆಕೆಂಡಿಗೆ ಹನ್ನೆರಡರಂತೆ ಚಿತ್ರಗಳನ್ನು ತೆಗೆದನು. ಆ ಕೋವಿಯಿಂದ ಒಂದು ಹಕ್ಕಿಯೂ ಸಾಯಲಿಲ್ಲ.

ಇಷ್ಟನ್ನೆಲ್ಲ ಓದಿ, ಲೆಕ್ಕ ಹಾಕಿ, ಎರಡನೆಯ ಕೊಯ್ಲಿಗೆ ಸಿದ್ಧರಾದೆವು. ಅಗ್ಗದ ಬೆಲೆಯ ೫೦ ಮಿಲಿಮೀಟರಿನ ಮಸೂರವೊಂದನ್ನು ತರಿಸಿ, ಐ.ಎಸ್.ಒ. ೪೦೦, ಕಿಂಡಿ ೨.೮, ಷಟರ್ ೧/೧೨೫ ಎಂದು ನಿಶ್ಚಯಿಸಿದೆವು. ಕಾಳು ಏಳುವುದೆಂಬ ಭಯದಿಂದ ಐ.ಎಸ್.ಒ. ಹೆಚ್ಚಿಸಲಿಲ್ಲ. ಅದು ಜಿಪುಣತನದ ತಪ್ಪು. ಈ ಸಲ ಮುಖವು ಕತ್ತಲಾಗಲಿಲ್ಲ. ಆದರೆ ಎಲ್ಲವೂ ಕಲಸಿಹೋಗಿದ್ದಿತು. ಕಾಳುಳ್ಳ ಚಿತ್ರವು ಚಿತ್ರವೇ, ಕಲಸಿದುದು ಅಲ್ಲ. ಇದಕ್ಕಿಂತಲೂ ಕೆಟ್ಟದೆಂದರೆ, ಒಂದರಲ್ಲಿಯೂ ದಾಟುವ ಕ್ಷಣವೇ ಇರಲಿಲ್ಲ. ದಾಟಲು ಹೊರಟಿರುವುದು ಇತ್ತು, ದಾಟಿ ಮುಗಿದುದು ಇತ್ತು. ಕಣ್ಣು ಕಂಡು, ಬೆರಳಿಗೆ ಅಪ್ಪಣೆ ಹೋಗಿ, ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದರಲ್ಲೊಂದು ಪಾಲು ಕಳೆದುಹೋಗುವುದು. ಷಟರು ಸಾವಿರದಲ್ಲೊಂದು ಪಾಲಿನದಾದರೇನು, ಒತ್ತುವವನು ಐದರಲ್ಲೊಂದು ಪಾಲಿನವನಾದರೆ?

ಮಧ್ಯಾಹ್ನ ಅವರು ಮರದಿಂದಿಳಿದು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ ನಮ್ಮ ಕಷ್ಟವನ್ನು ಹೇಳಿಕೊಂಡೆವು. ಅವರು ಚಿತ್ರಗಳನ್ನು ನೋಡಲಿಲ್ಲ. “ಅಣ್ಣ, ನೀವು ನನ್ನನ್ನು ನೋಡಿ ಒತ್ತುವುದೋ, ಮರವನ್ನು ನೋಡಿ ಒತ್ತುವುದೋ?” ಎಂದು ಕೇಳಿದರು. ನಿಮ್ಮನ್ನೇ ಎಂದೆವು. “ಹಾಗಾದರೆ ಆಗಲಿಕ್ಕಿಲ್ಲ. ನಾನೂ ಮರವನ್ನೇ ನೋಡುವುದು. ಮರ ಹೋಗುತ್ತದೆ, ತುದಿಯಲ್ಲಿ ಒಮ್ಮೆ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ನಿಂತಾಗ ಹಿಡಿಯಬೇಕು. ಹೋಗುವಾಗ ಹಿಡಿದರೆ ಕೈ ತಪ್ಪುತ್ತದೆ, ತಿರುಗಿದ ಮೇಲೆ ಹಿಡಿದರೆ ಮರ ನಮ್ಮನ್ನು ಎಳೆಯುತ್ತದೆ. ಮೂರು ಸಲ ತೂಗಿದರೆ ನಾಲ್ಕನೆಯದು ಎಲ್ಲಿಗೆ ಹೋಗುತ್ತದೆಂದು ಗೊತ್ತಾಗುತ್ತದಲ್ಲ” ಎಂದರು.

ತೂಗುಯ್ಯಾಲೆಯನ್ನು ಬಲ್ಲವರೆಲ್ಲರೂ ಇದನ್ನು ಬಲ್ಲರು. ತುದಿ ಮುಟ್ಟಿದಾಗ ವೇಗವು ಸೊನ್ನೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ದಿಗಿಣ ಹಾರುವವರ ಸೊಗಸಾದ ಚಿತ್ರಗಳನ್ನು ರಂಗದ ಮಂದ ಬೆಳಕಿನಲ್ಲಿಯೂ ತೆಗೆಯುವವರುಂಟು. ಅವರ ರಹಸ್ಯವೂ ಇದೇ. ಮೇಲೆ ಹೋದ ವೇಷವು ಕೆಳಗೆ ಬರಲು ತಿರುಗುವ ಕ್ಷಣದಲ್ಲಿ ಅದು ಗಾಳಿಯಲ್ಲಿ ನಿಂತಿರುವುದು. ಆಗ ೧/೨೫೦ ಕೂಡಾ ಸಾಕು. ಕೈಬಿಟ್ಟ ಗೊನೆಯ ಸಂಗತಿ ಇದಕ್ಕೆ ವಿರುದ್ಧ. ಅದು ನಿಲ್ಲುವುದು ಬೀಳಲು ಮೊದಲುಮಾಡುವಾಗ ಮಾತ್ರ. ನಲವತ್ತಡಿ ಬೀಳಲು ಒಂದೂವರೆ ಸೆಕೆಂಡು. ನೆಲ ಮುಟ್ಟುವಾಗ ಗಂಟೆಗೆ ಐವತ್ತೈದು ಕಿಲೋಮೀಟರಿನ ವೇಗ. ಈ ಕಾರಣದಿಂದಲೇ, ಚಿತ್ರ ತೆಗೆಯುವ ಉತ್ಸಾಹದಲ್ಲಿ ಮರದ ಕೆಳಗೆ ಯಾರೂ ನಿಲ್ಲತಕ್ಕುದಲ್ಲ. ಮೊದಲ ಕೊಯ್ಲಿನಂದು ನಾವು ನಿಂತಿದ್ದೆವು. ಆ ಬುದ್ಧಿಗೇಡಿತನವನ್ನು ನೆನೆದರೆ ಈಗಲೂ ಮೈ ಬೆವರುವುದು. ಹಾಗೆಯೇ ಮೇಲಿರುವವರನ್ನು ಕೂಗಿ ಕರೆಯುವುದು, ‘ಇನ್ನೊಮ್ಮೆ ಮಾಡಿ’ ಎನ್ನುವುದು, ಮಿಂಚುದೀಪವನ್ನು ಕಣ್ಣಿಗೆ ಹಾರಿಸುವುದು ಮೂರೂ ವರ್ಜ್ಯ. ಅವರ ಕೆಲಸವು ಅವರದು. ಚಿತ್ರವು ಅದರ ಪಕ್ಕದಲ್ಲಿ ಸಿಕ್ಕಿದರೆ ಸಿಕ್ಕಿತು.

ನಿಲ್ಲುವ ಜಾಗವನ್ನು ತೋರಿಸಿಕೊಟ್ಟವರೂ ಅವರೇ. “ಗುಡ್ಡೆಗೆ ಹತ್ತಿ. ಅಲ್ಲಿಂದ ನಾನು ನಿಮ್ಮ ಎದುರಿಗೇ ಇರುತ್ತೇನೆ” ಎಂದರು. ತೋಟವು ತಗ್ಗಿನಲ್ಲಿದೆಯೆಂದು ಮೇಲೆ ಹೇಳಿದೆವಷ್ಟೆ. ಗುಡ್ಡದ ಬದಿಯಲ್ಲಿ ಒಂದು ಗೇರುಮರದ ಹತ್ತಿರ ನಿಂತರೆ ಅಡಕೆ ಮರಗಳ ತುದಿಗಳು ಕಣ್ಣಿನ ಮಟ್ಟಕ್ಕೆ ಬರುವುವು. ಹಿನ್ನೆಲೆಯಲ್ಲಿ ಬಿಳಿಯ ಆಕಾಶವಿಲ್ಲ, ಎದುರು ಗುಡ್ಡದ ಹಸಿರು. ಬೆಳಗಿನ ಓರೆಬಿಸಿಲು ತುದಿಗಳ ಮೇಲೆಯೇ ಬೀಳುವುದರಿಂದ ಬುಡಕ್ಕಿಂತ ಎಂಟು ಪಟ್ಟು ಬೆಳಕು. ಎರಡು ತಿಂಗಳ ಲೆಕ್ಕಾಚಾರದಿಂದ ನಾವು ಗಳಿಸಲಾರದ ಮೂರು ಮೆಟ್ಟಿಲುಗಳು ಇನ್ನೂರು ಹೆಜ್ಜೆ ನಡೆದುದರಿಂದ ದೊರೆತವು.

ಮೂರನೆಯ ಕೊಯ್ಲು ಶಿವರಾತ್ರಿಗೆ ಸ್ವಲ್ಪ ಮುಂಚೆ. ಐ.ಎಸ್.ಒ. ೮೦೦, ಕಿಂಡಿ ೪, ಷಟರ್ ೧/೧೦೦೦. ಅವರು ಕುಳಿತ ಮರಕ್ಕಲ್ಲ, ದಾಟಿ ಬರಲಿರುವ ಮರಕ್ಕೆ ಮಸೂರವನ್ನು ಮೊದಲೇ ಹೊಂದಿಸಿ, ಹೊಂದಿಕೆಯನ್ನು ಅಲ್ಲಿಗೇ ಕಟ್ಟಿಹಾಕಿದೆವು. ಒಂದು, ಎರಡು, ಮೂರು ಎಂದು ತೂಗುವುದನ್ನು ಎಣಿಸಿ, ನಾಲ್ಕನೆಯದು ತುದಿಗೆ ಹೋಗುತ್ತಿರುವಾಗಲೇ, ನಿಲ್ಲುವ ಮೊದಲೇ, ಒತ್ತಿದೆವು. ಬಂದಿತು! ಮುಖ, ಬೆವರು, ತಳೆಯ ಹಗ್ಗದ ಎಳೆ, ಸೊಂಟದ ಕತ್ತಿಯ ಹಿಡಿ ಎಲ್ಲವೂ ಸ್ಪಷ್ಟ. ನೋಡಿ ಹತ್ತು ನಿಮಿಷ ಹಿಗ್ಗಿದೆವು. ಆಮೇಲೆ ಮತ್ತೊಮ್ಮೆ ನೋಡಿದಾಗ ಅಸಮಾಧಾನವಾಯಿತು. ಎಲ್ಲವೂ ನಿಂತಿದ್ದಿತು. ಎರಡು ಮರಗಳನ್ನು ತಬ್ಬಿಕೊಂಡು ಒಬ್ಬರು ಆರಾಮವಾಗಿ ಕುಳಿತಿರುವಂತೆ ಕಾಣುತ್ತಿತ್ತೇ ಹೊರತು, ಅವರು ಎಲ್ಲಿಂದಲೋ ಬಂದವರೆಂಬ ಸುಳಿವಿರಲಿಲ್ಲ. ಜಗಲಿಯ ಅಜ್ಜನನ್ನು ಕುರ್ಚಿಯಿಂದ ಎತ್ತಿ ಮರದ ಮೇಲೆ ಕುಳ್ಳಿರಿಸಿದಂತಾಗಿದ್ದಿತು.

ಅವರು ಇನ್ನೂ ಅರ್ಧ ಸಾಲು ಮುಗಿಸಬೇಕಾಗಿದ್ದಿತು. ಗಮನವಿಟ್ಟು ನೋಡಿದೆವು. ಅವರು ಹೊಸ ಮರವನ್ನು ಹಿಡಿದು ಹಳೆಯದನ್ನು ಬಿಟ್ಟೊಡನೆ ಆ ಹಳೆಯ ಮರವು ಬಿಲ್ಲಿನಂತೆ ಹಿಂದಕ್ಕೆ ಚಿಮ್ಮುತ್ತಿದ್ದಿತು. ಆ ಗಳಿಗೆಯಲ್ಲಿ ಅವರು ಹೊಸ ಮರವನ್ನು ಅವಚಿ ಅಲುಗದೆ ಇರುವರು; ಹಳೆಯ ಮರ ಓಡುತ್ತಿರುವುದು. ಷಟರು ನಿಧಾನವಾಗಿದ್ದರೆ ಒಬ್ಬರು ಉಳಿದು ಮತ್ತೊಂದು ಗೆರೆಯಾಗಬೇಕು. ಐ.ಎಸ್.ಒ. ಅನ್ನು ೧೦೦ಕ್ಕೆ ಇಳಿಸಿ, ಕಿಂಡಿಯನ್ನು ೫.೬ಕ್ಕೆ ಕಿರಿದು ಮಾಡಿ, ಷಟರನ್ನು ೧/೬೦ಕ್ಕೆ ತಂದೆವು. ಕೈ ನಡುಗದಂತೆ ಗೇರುಮರಕ್ಕೆ ಹೆಗಲನ್ನು ಒರಗಿಸಿ, ಉಸಿರನ್ನು ಅರ್ಧ ಬಿಟ್ಟು ಹಿಡಿದು, ಹನ್ನೊಂದು ದಾಟುವಿಕೆಗಳನ್ನು ತೆಗೆದೆವು. ಹತ್ತು ಕೆಟ್ಟುವು. ಒಂಭತ್ತನೆಯದರಲ್ಲಿ ಅವರ ಮುಖವೂ ಬಲಗೈಯೂ ಸ್ಪಷ್ಟವಾಗಿದ್ದು, ಬಿಟ್ಟ ಮರದ ಸೋಗೆಗಳು ಎಡಕ್ಕೆ ಹಸಿರು ಹೊಗೆಯಂತೆ ಹರಿದುಹೋಗಿದ್ದುವು.

ಸುಳ್ಯದಲ್ಲಿ ಅದನ್ನು ಹದಿನೆಂಟು ಅಂಗುಲದ ಅಗಲಕ್ಕೆ ಅಚ್ಚು ಮಾಡಿಸಿ, ಕಟ್ಟು ಹಾಕಿಸಿ, ಒಂದು ಸಂಜೆ ಅವರ ಮನೆಗೆ ಹೋದೆವು. ಮಗಳು ಪಟವನ್ನು ಎರಡು ಕೈಗಳಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದಳು, ಮಾತನಾಡಲಿಲ್ಲ. ಅವಳ ಸಣ್ಣ ಮಗನು, “ಮರ ಓಡ್ತಾ ಉಂಟು!” ಎಂದು ಕೂಗಿದನು. ಅವರು ಕನ್ನಡಕವನ್ನು ತರಿಸಿ, ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ಪರೀಕ್ಷಿಸತೊಡಗಿದರು. ತಮ್ಮ ಮುಖವನ್ನು ಅವರು ನೋಡಿದಂತೆಯೇ ಕಾಣಲಿಲ್ಲ. ಬೆರಳು ಹೋಗಿ ನಿಂತುದು ಚಿತ್ರದ ಕೆಳಭಾಗದಲ್ಲಿ.

“ಅಣ್ಣ, ಈ ಎಡಗಾಲು ನೋಡಿದಿರಾ? ತಳೆ ಇನ್ನೂ ಮರಕ್ಕೆ ಕೂರಲಿಲ್ಲ. ಅಷ್ಟರಲ್ಲೇ ಆ ಮರವನ್ನು ಬಿಟ್ಟಿದ್ದೇನೆ. ಹೀಗೆ ಬಿಡಬಾರದು. ಕಲಿಯಲಿಕ್ಕೆ ಬಂದ ಹುಡುಗರಿಗೆ ಇದಕ್ಕೇ ಬೈಯುತ್ತಿದ್ದೆ.” ಸ್ವಲ್ಪ ಸುಮ್ಮನಿದ್ದು, “ಕಾಲು ಕೂತಿದೆಯೆಂದೇ ನನಗೆ ಅನ್ನಿಸಿದ್ದು” ಎಂದರು.

ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಅದನ್ನು ನಾವು ಗಮನಿಸಿಯೇ ಇರಲಿಲ್ಲ. ಎಡಗಾಲಿನ ಸುತ್ತಲಿನ ಮಸುಕನ್ನು ಷಟರಿನ ದೋಷವೆಂದು ಎಣಿಸಿ, ಅಚ್ಚು ಮಾಡಿಸುವಾಗ ಆ ಕಡೆಯನ್ನು ಕತ್ತರಿಸಿಬಿಡೋಣವೇ ಎಂದು ಕೂಡಾ ಯೋಚಿಸಿದ್ದೆವು. ಸಂತೋಷಕ್ಕಾಗಿ ಒಯ್ದ ಪಟವು ಹೀಗಾಯಿತಲ್ಲಾ ಎಂದು ಕಸಿವಿಸಿಯಾಯಿತು. ಮಗಳು ತಂದೆಯ ಮುಖವನ್ನೂ ಚಿತ್ರದ ಕಾಲನ್ನೂ ಒಮ್ಮೊಮ್ಮೆ ನೋಡಿ, ಪಟವನ್ನು ಮೆಲ್ಲನೆ ಅವರ ಕೈಯಿಂದ ತೆಗೆದುಕೊಂಡಳು.

ನಮ್ಮ ತೋಟದ ಕೊನೆಯ ಸಾಲಿನಲ್ಲಿ ನಾಲ್ಕನೆಯ ಕೊಯ್ಲಿಗೆಂದು ಬಿಟ್ಟಿದ್ದ ಗೊನೆಗಳು ಮೂವತ್ತರಷ್ಟಿದ್ದುವು. ಅದನ್ನು ತಾವೇ ಮುಗಿಸಿಕೊಡುವೆವೆಂದು ಅವರು ಮೊದಲು ಹೇಳಿದ್ದುಂಟು. ಆ ಸಂಜೆ ನಾವು ಹೊರಟಾಗ ಅಂಗಳದ ತನಕ ಬಂದು, “ಅದಕ್ಕೂ ದೋಟಿಯವರನ್ನೇ ಹೇಳಿ, ಅಣ್ಣ. ನಾನು ಕೆಳಗೆ ನಿಂತು ಹೆಕ್ಕಲಿಕ್ಕೆ ಬರುತ್ತೇನೆ” ಎಂದರು. ಮಾರ್ಚಿಯ ಕೊನೆಗೆ ದೋಟಿಯವನು ಬಂದನು. ಅವರೂ ಬಂದರು. ತಲೆಗೆ ಮುಟ್ಟಾಳೆ ಇಟ್ಟು, ಗೊನೆ ಬೀಳುವ ಜಾಗದಿಂದ ಹತ್ತು ಮಾರು ದೂರ ನಿಂತು, ಯಾವ ಮರದ ಗೊನೆ ಹಣ್ಣಾಗಿದೆ, ಯಾವುದು ಇನ್ನೂ ಆಗಿಲ್ಲವೆಂದು ಹ್ಞಾಂ ಹ್ಞೂಂ ಎನ್ನುತ್ತ ಹುಡುಗನಿಗೆ ತೋರಿಸುತ್ತಿದ್ದರು. ಕ್ಯಾಮರಾವನ್ನು ನಾವು ಆ ದಿವಸ ಮನೆಯಲ್ಲಿ ಬಿಟ್ಟು ಹೋಗಿದ್ದೆವು.